ಅಂಚು ಒಳಗಿನ ಮಡಿಕೆ

ಸೆಪ್ಟೆಂಬರ್ 3, ಮಂಗಳವಾರ. ಕೊಪ್ಪಳ

ಮತ್ತೆ ಅದೇ. ಬೆಳಿಗ್ಗೆ ಒಂಬತ್ತರಿಂದ ಕಂಪ್ಯೂಟರ್ ಮುಂದೆ. ಇನ್ನೂರಕ್ಕೂ ಹೆಚ್ಚು ಅಂಗಡಿಗಳ ಚಿತ್ರ ನೋಡಿದೆ. ಟೋಕಿಯೊ, ಲಿಸ್ಬನ್, ಜೈಪುರ. ಎಲ್ಲವೂ ಚೆಂದ. ಒಂದೂ ಕೈಗೆ ಹತ್ತಲಿಲ್ಲ.

ಗಂಗಾವತಿಯ ಬಸವಕುಮಾರ್ ಅವರ ಹೊಸ ಸೀರೆ ಅಂಗಡಿ. ಹೆಸರು ‘ತವರು’. ಬೋರ್ಡು, ಕೈಚೀಲ, ಬಾಗಿಲಿನ ಎದುರಿಗೆ ಬರುವ ದೊಡ್ಡ ಗೋಡೆ — ಮೂರೂ ನನ್ನ ಕೆಲಸ. ಬೋರ್ಡು, ಚೀಲ ಮುಗಿದಿವೆ. ಗೋಡೆ ಖಾಲಿ. ಇವತ್ತೂ ಫೋನ್.

“ಮೇಡಂ, ಬೆಂಗ್ಳೂರ್ ಮಾಲ್ ಇದ್ದಂಗ ಬ್ಯಾಡ್ರಿ. ಹಂಪಿ ಕಂಬಾನೂ ಬ್ಯಾಡ, ಹೋಟೆಲ್‌ನ್ಯಾಗೂ ಅದನ್ನ ಹಾಕ್ಯಾರ. ನಮ್ಮ ಭಾಗದ್ದಿರಬೇಕು. ಆದ್ರ ಯಾರೂ ನೋಡಿರಬಾರ್ದು.”

ನಮ್ಮ ಭಾಗದ್ದು, ಆದರೆ ನಮ್ಮ ಭಾಗದವರು ಯಾರೂ ನೋಡಿರದ್ದು... ಆಯಿತು ಸರ್ ಎಂದೆ.

ಮಧ್ಯಾಹ್ನ ಹೊಸ ಪುಸ್ತಕ ತೆರೆದೆ. ಹಂಗೇರಿಯ ಕಾದಂಬರಿ, ಕನ್ನಡಕ್ಕೆ ಈ ವರ್ಷ ಬಂದದ್ದು. ಮುಖಪುಟದಲ್ಲಿ ಅನುವಾದಕಿಯ ಹೆಸರಿಲ್ಲ. ಒಳಗೆ, ಮುದ್ರಕರ ವಿಳಾಸದ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿದೆ. ಪ್ರಕಾಶಕರಿಗೆ ಪತ್ರ ಬರೆದೆ. ಇಂಥದ್ದು ಇದು ನಾಲ್ಕನೆಯದು. “ಹೊತ್ತು ತಂದವರ ಹೆಸರನ್ನು ಮುಚ್ಚಿಡುವುದು ಅಪ್ರಾಮಾಣಿಕತೆ.” ಸ್ವಲ್ಪ ಕಟುವಾಯಿತು. ತಿದ್ದಲಿಲ್ಲ.

ಸೆಪ್ಟೆಂಬರ್ 9, ಸೋಮವಾರ

ಕುರ್ಚಿ ಬಿಟ್ಟು ಎದ್ದದ್ದು ಒಳ್ಳೆಯದಾಯಿತು. ಮೊದಲು ಯಲಬುರ್ಗಾ. ಪಾತ್ರೆ ಅಂಗಡಿಯಲ್ಲಿ ಕೊಡಗಳನ್ನು ಕಂಠಕ್ಕೆ ಹಗ್ಗ ಕಟ್ಟಿ ತೂಗುಬಿಟ್ಟಿದ್ದರು. ಸ್ಕೆಚ್ ಮಾಡಿಕೊಂಡೆ. ಸೀರೆ ಅಂಗಡಿಗೆ ಹೊಂದುವುದಿಲ್ಲ. ಅಲ್ಲಿಂದ ಕುಷ್ಟಗಿ.

ಹಳೆ ಬಜಾರಿನಲ್ಲಿ ಒಂದು ಇಕ್ಕಟ್ಟು ಅಂಗಡಿ. ಬರೀ ಖಣ, ಕುಪ್ಪಸದ ಬಟ್ಟೆ. ಎಪ್ಪತ್ತೈದು ದಾಟಿದ ಹಿರಿಯರು — ಮಕ್ಬುಲಸಾಬ. ಸೊಸೆ ಜುಬೇದಾಬೀ ಕತ್ತರಿ, ಗಜಕೋಲು ಹಿಡಿದು ಪಕ್ಕದಲ್ಲಿ.

“ಬರ್ರಿ ತಂಗಿ. ಯಾವ ಸೀರಿಗೆ ಬೇಕು?”

“ಸುಮ್ನ ನೋಡಾಕ ಬಂದೀನ್ರಿ ಚಾಚಾ.”

“ನೋಡ್ರಿ, ನೋಡ್ರಿ. ನೋಡಾಕ ಬಂದವರು ಯಾರೂ ನೋಡಿ ಅಷ್ಟ ಹೋಗಿಲ್ಲ.”

ಜುಬೇದಾಬೀ ನಕ್ಕರು. “ಮಾವಾರ ಇದನ್ನ ನನಗೂ ಹೇಳಿದ್ರರಿ, ಮದಿವ್ಯಾದ ಹೊಸತರಾಗ.”

ಮಕ್ಬುಲಸಾಬರು ಮಾತನಾಡುತ್ತಲೇ ಮಡಚುತ್ತಾರೆ. ಕೈಯ ಕಡೆ ನೋಡುವುದಿಲ್ಲ. ಮೇಲಿನ ಹಲಗೆಗಳಲ್ಲೆಲ್ಲ ಚೌಕ ಮಡಿಕೆ, ಅಂಚು ಹೊರಗೆ, ಎದ್ದು ಕಾಣುವಂತೆ. ಆದರೆ ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿ, ಮೂಲೆಗೆ, ಬೇರೆಯೇ ಒಂದು ಸಾಲು. ಹಸಿರು ಖಣಗಳು. ತ್ರಿಕೋನ ಮಡಿಕೆ, ಚೂಪು ಕೆಳಗೆ. ಅಂಚು ಪೂರ್ತಿ ಒಳಗೆ ಹೋಗಿ ಒಂದು ಎಳೆಯಷ್ಟೇ ಹೊರಗೆ. ಮುಚ್ಚಿದ ರೆಪ್ಪೆಯ ಹಾಗೆ. ಇಷ್ಟು ಮಿತವಾದದ್ದನ್ನು ಯಾವ ಅಂಗಡಿಯಲ್ಲೂ ನೋಡಿಲ್ಲ.

ಇನ್ನೊಂದು. ನಾನಿದ್ದಾಗಲೇ ಒಬ್ಬ ಗಂಡಸು ಬಂದ. ಬಾಯಿ ಬಿಡಲಿಲ್ಲ. ಆ ಸಾಲಿನ ಕಡೆ ಬೆರಳು ಮಾಡಿದ. ಮಕ್ಬುಲಸಾಬರೂ ಮಾತಾಡಲಿಲ್ಲ. ಒಂದನ್ನು ತೆಗೆದು ಹಳೆ ಪೇಪರಿನಲ್ಲಿ ಸುತ್ತಿ ಎರಡೂ ಕೈಯಿಂದ ಕೊಟ್ಟರು. ಚೌಕಾಸಿ ಇಲ್ಲ. ಬೇರೆ ಎಲ್ಲರಿಗೂ “ಮತ್ತ ಬರ್ರಿ” ಎನ್ನುವವರು ಇವನಿಗೆ ಅನ್ನಲಿಲ್ಲ. ಹಳೆಯ ಗಿರಾಕಿ ಇರಬೇಕು. ಮಾತೇ ಬೇಡದೆ ಮಾರಾಟವಾಗುವ ಮಡಿಕೆ!

ಅವರು ಬೆನ್ನು ತಿರುಗಿಸಿದಾಗ ಮೂರು ಫೋಟೊ ತೆಗೆದೆ. ಕೇಳಲಿಲ್ಲ. ಕೇಳಿದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಹೇಳಬೇಕು, ಹೇಳಿದರೆ ಅದು ಅವರದಾಗುತ್ತದೆ.

ಒಂದು ಖಣ ಕೊಂಡೆ, ಮೇಲಿನ ಹಲಗೆಯದು. “ಮತ್ತ ಬರ್ರಿ ತಂಗಿ.”

ಸೆಪ್ಟೆಂಬರ್ 10, ಮಂಗಳವಾರ

ಫೋಟೊ ನೋಡಿ ಮಡಚಿದೆ. ಹದಿನಾಲ್ಕನೆಯ ಸಲಕ್ಕೆ ಬಂತು. ಗುಟ್ಟು ಎರಡನೆಯ ಮಡಿಕೆಯಲ್ಲಿದೆ. ಅಲ್ಲಿ ಬಟ್ಟೆಯನ್ನು ಎಡಕ್ಕೆ ಹೊರಳಿಸುತ್ತಾರೆ. ಯಾಕೆ ಎಡಕ್ಕೆ? ಬಲಕ್ಕೇ ಸುಲಭ. ತಿಳಿಯಲಿಲ್ಲ. ಹಾಗೆಯೇ ಇಳಿಸಿಕೊಂಡೆ.

ಸೆಪ್ಟೆಂಬರ್ 13, ಶುಕ್ರವಾರ. ಗಂಗಾವತಿ

ಒಪ್ಪಿದರು. ಗೋಡೆ ತುಂಬ ಇನ್ನೂರ ನಲವತ್ತು ತ್ರಿಕೋನ, ಎಲ್ಲ ಹಸಿರು, ಒಂದೊಂದು ಎಳೆ ಅಂಚು. ಬಸವಕುಮಾರ್ ಮಾದರಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

“ಇದು ಎಲ್ಲಿ ಸಿಕ್ತ್ರಿ ನಿಮಗ?”

ಎರಡು ಸೆಕೆಂಡು ಇತ್ತು. ಕುಷ್ಟಗಿ ಎನ್ನಬಹುದಿತ್ತು.

“ಒಂದು ಕಾದಂಬರಿ ಓದಾಕತ್ತಿದ್ದೆ ಸರ್. ಹಂಗೇರಿದು. ಅದರಾಗ ಮುಚ್ಚಿದ ಕಣ್ಣಿನ ಒಂದು ಚಿತ್ರ ಬರ್ತದ... ಅಲ್ಲಿಂದ ಹೊಳೀತು.”

ಆ ಕಾದಂಬರಿಯಲ್ಲಿ ಅಂಥ ಚಿತ್ರವೇ ಇಲ್ಲ.

“ನೋಡ್ರಿ, ಓದಿದವರ ತೆಲಿ ಅಂದ್ರ ಹಿಂಗ!” ಎಂದು ಅಂಗಡಿಯ ಹುಡುಗಿಯರ ಮುಂದೆ ಹೇಳಿದರು. ಬಾಗಿಲ ಗಾಜಿನ ಮೇಲೆ ನನ್ನ ಹೆಸರು ಬರೆಸಲು ಕೇಳಿದೆ. ಸಣ್ಣದಾಗಿ ಸಾಕು. ವಿನ್ಯಾಸ: ಸುರೇಖಾ.

ಬಸ್ಸಿನಲ್ಲಿ ಪುಸ್ತಕ ತೆರೆಯಲಿಲ್ಲ.

ಸೆಪ್ಟೆಂಬರ್ 29, ಭಾನುವಾರ. ಗಂಗಾವತಿ

ಮೂರು ದಿನದಿಂದ ಮಡಿಕೆ. ಅಂಗಡಿಯ ಹುಡುಗಿಯರು ಐವರು, ಎಲ್ಲರೂ ಇಪ್ಪತ್ತೆರಡರ ಒಳಗೆ. ಬೇಗ ಕಲಿತರು. ಗೋಡೆ ತುಂಬಿತು. ಬಾಗಿಲಲ್ಲಿ ನಿಂತು ನೋಡಿದೆ. ನಿಜಕ್ಕೂ ಚೆನ್ನಾಗಿದೆ. ಅದೇ ತೊಂದರೆ.

ಅಕ್ಟೋಬರ್ 4, ಶುಕ್ರವಾರ. ಬೆಳಿಗ್ಗೆ 8

ಇವತ್ತು ಉದ್ಘಾಟನೆ. ದೀಪ ಹಚ್ಚಲು ಬಸವಕುಮಾರರ ಸೋದರತ್ತೆ ಹನುಮಂತಮ್ಮ ಮಂಗಳೂರಿನಿಂದ ಬರುತ್ತಾರೆ — ಯಲಬುರ್ಗಾ ಕಡೆಯ ನಮ್ಮ ಮಂಗಳೂರು. ಹೊಸ ಇಳಕಲ್ ಸೀರೆ ಉಟ್ಟಿದ್ದೇನೆ.

ಅದೇ ದಿನ, ಸಂಜೆ 5

ಕ್ರಮವಾಗಿ ಬರೆಯಬೇಕು.

ಹನುಮಂತಮ್ಮ ಒಳಗೆ ಬಂದರು. ಹಿಂದೆ ಹತ್ತು ಹದಿನೈದು ಹೆಂಗಸರು. ಗೋಡೆ ನೋಡಿ ನಿಂತುಬಿಟ್ಟರು. ಕೈಯಲ್ಲಿದ್ದ ಬತ್ತಿ ಹಾಗೇ ಇತ್ತು.

“ಬಸ್ಯಾ, ಯಾರ್ ಹೋಗ್ಯಾರೋ?”

“ಯಾರೂ ಇಲ್ಲತ್ತಿ, ಯಾಕ?”

“ಮತ್ತ ಇಷ್ಟ್ ಮಂದಿಗೆ ಯಾಕ ಇಟ್ಟೀದಿ? ಊರಾಗಿನ ಮುತ್ತೈದೇರ್ನೆಲ್ಲಾ ಒಮ್ಮೆಲೆ ಕಳಸಾಂವನೇನು?”

ಬಸವಕುಮಾರ್ ಅವರಿಗೆ ತಿಳಿಯಲಿಲ್ಲ. ನನಗೂ. ಹನುಮಂತಮ್ಮನೇ ಬಿಡಿಸಿ ಹೇಳಿದರು. ಮುತ್ತೈದೆ ಸತ್ತರೆ ತವರಿನವರು ಕೊನೆಯ ಸೀರೆ ಖಣ ತರಬೇಕು. ಆ ಖಣವನ್ನು ಎಡಕ್ಕೆ ಮಡಚುತ್ತಾರೆ, ದಡಿ ಅಂದರೆ ಅಂಚು ಒಳಗೆ, ಚೂಪು ಕೆಳಗೆ. ಅಂಗಡಿಗೆ ಹೋದವರು ಹೆಸರು ಹಿಡಿದು ಕೇಳುವುದಿಲ್ಲ, ಬೆರಳು ಮಾಡುತ್ತಾರೆ. ಕೊಡುವವರು ಮತ್ತೆ ಬನ್ನಿ ಅನ್ನುವುದಿಲ್ಲ.

“ಮ್ಯಾಲೆ ‘ತವರು’ ಅಂತ ಹೆಸರು ಬ್ಯಾರೆ!” ಎಂದರು ಹಿಂದಿದ್ದ ಒಬ್ಬಾಕೆ. ಯಾರೋ ಕಿಸಕ್ಕನೆ ನಕ್ಕರು. ಮತ್ಯಾರೋ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ಚಪ್ಪಲಿ ಮೆಟ್ಟುವ ಸದ್ದು ಒಂದಾದ ಮೇಲೊಂದು.

ನಮ್ಮ ಮನೆಯಲ್ಲಿ ಅವ್ವನಿಗಿಂತ ಮೊದಲು ಅಪ್ಪ ಹೋದರು. ಆ ಖಣ ನಮ್ಮ ಮನೆಗೆ ಬರಲೇ ಇಲ್ಲ. ಗೊತ್ತಿರಲಿಲ್ಲ ಎಂಬುದು ನಿಜ. ಕೇಳಿದ್ದರೆ ಗೊತ್ತಾಗುತ್ತಿತ್ತು ಎಂಬುದೂ ನಿಜ.

ಬಸವಕುಮಾರ್ ನನ್ನತ್ತ ತಿರುಗಿದರು. “ಇದೇನ್ರಿ ಮೇಡಂ? ಹಂಗೇರ್ಯಾಗ ಹಿಂಗ ಮಾಡ್ತಾರೇನು?”

ನಾನು ಹೇಳಿದ್ದು: “ಕುಷ್ಟಗಿ ಮಕ್ಬುಲಸಾಬರು ತೋರ್ಸಿದ್ರು ಸರ್.”

ನಾಲ್ಕು ಪದ. ಮೂರು ವಾರ ನಾಲಿಗೆಗೆ ಬಾರದ ಹೆಸರು ಆಗ ತಕ್ಷಣ ಬಂತು.

ಖಣ ಹಾಕಿ ಕೊಟ್ಟ ಮಕ್ಬುಲಸಾಬರ ಅಂಗಡಿಯ ಚೀಲ ನನ್ನ ಬ್ಯಾಗಿನಲ್ಲೇ ಇತ್ತು, ಅದರ ಮೇಲೆ ನಂಬರ್. ಅದನ್ನೂ ನಾನೇ ಕೊಟ್ಟೆ. ಬಸವಕುಮಾರ್ ಎಲ್ಲರ ಮುಂದೆ ಸ್ಪೀಕರ್ ಹಾಕಿ, ಸುಮ್ನ ನೋಡಾಕ ಬಂದ ಮೇಡಂಗೆ ಇದನ್ಯಾಕ ತೋರ್ಸಿದ್ರಿ ಎಂದು ಬೈದರು. ಆ ಕಡೆಯಿಂದ ಮಕ್ಬುಲಸಾಬರು —

“ನಾನ್ ತೋರ್ಸೀನೇನ್ರಿ?... ಅದನ್ನ ಯಾರಿಗೂ ತೋರ್ಸಂಗಿಲ್ಲಲ್ರಿ ನಾನು... ಅವರು ಹಂಗಂತಾರಂದ್ರ ತೋರ್ಸಿರಬೇಕು. ನೆನಪಿಲ್ರಿ. ತಪ್ಪಾತ್ರಿ, ತಪ್ಪಾತು.”

ನಾನು ಎರಡು ಮಾರು ದೂರದಲ್ಲಿದ್ದೆ. ಕೈ ಚಾಚಿದ್ದರೆ ಫೋನು ಸಿಗುತ್ತಿತ್ತು.

ಅಕ್ಟೋಬರ್ 5, ಶನಿವಾರ

ಏನೂ ಬರೆಯಲಾರೆ.

ಅಕ್ಟೋಬರ್ 19, ಶನಿವಾರ. ಕುಷ್ಟಗಿಯಿಂದ ವಾಪಸ್

ಹೇಳಬೇಕೆಂದೇ ಹೋದೆ. ಬಸ್ಸಿನಲ್ಲಿ ಪೂರ್ತಿ ವಾಕ್ಯ ಕಟ್ಟಿಕೊಂಡಿದ್ದೆ.

ಗಲ್ಲಾಪೆಟ್ಟಿಗೆಯ ಮುಂದೆ ಜುಬೇದಾಬೀ. ಮಕ್ಬುಲಸಾಬರು ಮೂಲೆಯಲ್ಲಿ. ಒಂದು ಖಣ ಮಡಚಿ ಎತ್ತಿ ಹಿಡಿದರು.

“ದಡಿ ಹೊರಗೈತೆಲ್ಲೋ ನೋಡವಾ.”

“ಐತ್ರಿ ಮಾವಾರ.”

ಇನ್ನೊಂದು ಮಡಚಿದರು. “ಇದು?”

“ಅದೂ ಐತ್ರಿ.”

ಕೈ ನೋಡದೆ ಮಡಚುತ್ತಿದ್ದವರು.

ಜುಬೇದಾಬೀ ದನಿ ತಗ್ಗಿಸಿದರು. “ಆ ಫೋನ್ ಬಂದಾಗಿಂದ ಹಿಂಗ ಅದಾರ್ರಿ. ತೆಲಿ ಕೆಟ್ಟೈತಿ, ಏನ್ ಮಾಡೀನಿ ಅಂಬುದ ತಿಳಿವಲ್ದು ಅಂತಾರ. ಮನ್ಯಾಗ ನಮಾಜ್‌ಗೆ ನಿಂತ್ರೂ ಎಷ್ಟ್ ಆತು ಅಂತ ಕೇಳ್ತಾರ. ದೀಪಾವಳಿ ಆದಮ್ಯಾಲೆ ಕೀಲಿ ನನಗ ಕೊಡ್ತಾರಂತ. ನಾ ನೈಟಿ, ಲೆಗ್ಗಿನ್ಸ್ ಇಡ್ಬೇಕಂತ. ಖಣದ ಅಂಗಡಿ ಬಂದ್ ಅಂತ.”

ಕೆಳಗಿನ ಹಲಗೆಯ ಮೂಲೆ ಖಾಲಿ. ಅಲ್ಲಿ ಪ್ಲಾಸ್ಟಿಕ್ ಹ್ಯಾಂಗರ್‌ಗಳ ಗಂಟು.

ಮಕ್ಬುಲಸಾಬರು ನನ್ನ ಗುರುತು ಹಿಡಿದರು. ನೆನಪು ಕೆಟ್ಟವರು ಒಂದೇ ಸಲ ಬಂದ ಗಿರಾಕಿಯ ಗುರುತು ಹಿಡಿಯುತ್ತಾರೆಯೇ?

“ತಂಗಿ, ನನ್ನಿಂದ ನಿಮಗ ಭಾಳ ತ್ರಾಸಾತು.”

“ಇಲ್ರಿ ಚಾಚಾ...”

“ಒಂದು ಕೇಳ್ಲೇನು? ಆವತ್ತು ನಾನು ಏನಂತ ಹೇಳಿ ತೋರ್ಸಿದೆ? ನೀವು ಕೊಂಡದ್ದು ನೆನಪೈತಿ. ಬಾಳಿಹಣ್ಣಿನ ಬಣ್ಣ, ಕೆಂಪು ದಡಿ. ನೀವು ನಿಂತ ಜಾಗಾನೂ ನೆನಪೈತಿ. ಅದೊಂದು ಬರವಲ್ದು. ರಾತ್ರೆಲ್ಲಾ ಹುಡುಕ್ತೀನಿ.”

ಉತ್ತರ ನನ್ನ ಬಾಯಲ್ಲೇ ಇತ್ತು. ಜುಬೇದಾಬೀ ನೋಡುತ್ತಿದ್ದರು. ಇಬ್ಬರು ಗಿರಾಕಿಗಳೂ ಇದ್ದರು.

“ನನಗೂ ನೆನಪಿಲ್ರಿ ಚಾಚಾ.”

ಇದನ್ನು ಬರೆಯಲು ಅರ್ಧ ಗಂಟೆ ಹಿಡಿಯಿತು. ಒಂದು ಖಣ ಕೊಂಡೆ, ಬೇಡದ್ದು. ಅವರು ಎದ್ದು ಬಂದು “ಮತ್ತ ಬರ್ರಿ” ಎಂದರು.

ಅಕ್ಟೋಬರ್ 21, ಸೋಮವಾರ

ಪ್ರಕಾಶಕರ ಉತ್ತರ ಬಂತು. ತುಂಬ ವಿನಯದ್ದು. ಮುಂದಿನ ಮುದ್ರಣದಲ್ಲಿ ಅನುವಾದಕಿಯ ಹೆಸರನ್ನು ಮುಖಪುಟಕ್ಕೆ ತರುತ್ತಾರಂತೆ. ‘ನಿಮ್ಮಂಥ ನಿಷ್ಠುರ ಓದುಗರು ನಮಗೆ ಬೇಕು.’

ಪತ್ರವನ್ನು ಬೋರಲು ಹಾಕಿ ಇಟ್ಟಿದ್ದೇನೆ.

ಮೂಲದಲ್ಲಿ ಒಂದು ಪದ ತಿಳಿಯದಿದ್ದರೆ ಅನುವಾದಕರು ಯಾರನ್ನಾದರೂ ಕೇಳುತ್ತಾರೆ. ಇಲ್ಲವೇ ತಿಳಿಯಲಿಲ್ಲ ಎಂದು ಅಡಿಟಿಪ್ಪಣಿ ಹಾಕುತ್ತಾರೆ. ಯಾಕೆ ಎಡಕ್ಕೆ ಎಂದು ನನಗೆ ಅನ್ನಿಸಿತ್ತು. ಸೆಪ್ಟೆಂಬರ್ ಹತ್ತರಂದು ನಾನೇ ಇಲ್ಲಿ ಬರೆದಿದ್ದೇನೆ.

ಅಕ್ಟೋಬರ್ 24, ಗುರುವಾರ. ಗಂಗಾವತಿ

ಮೊದಲು ಬಸವಕುಮಾರರಿಗೆ ಹೇಳಿದೆ. ಮಕ್ಬುಲಸಾಬರು ಏನೂ ತೋರಿಸಿಲ್ಲ, ಕದ್ದು ಫೋಟೊ ತೆಗೆದೆ, ಕಾದಂಬರಿಯ ಮಾತೂ ಸುಳ್ಳು. ನಿಂತೇ ಹೇಳಿದೆ.

ಅವರು ಗೋಡೆಯತ್ತ ಕೈ ತೋರಿಸಿದರು. ಅಂಚು ಹೊರಗೆ ತಂದು ಚೌಕವಾಗಿ ಮಡಚಿಸಿದ್ದಾರೆ. ಜನ ಅದರ ಮುಂದೆ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದಾರೆ.

“ನನ್ನ ಗ್ವಾಡಿ ಸುದ್ದ ಆತಲ್ರಿ. ಅದನ್ನ ನನಗ್ಯಾಕ ಹೇಳ್ತೀರಿ? ಆ ಮುದುಕಗ ಹೇಳ್ರಿ.” ಜೇಬಿನಿಂದ ಫೋನ್ ತೆಗೆದು, “ನಾನೂ ಅವತ್ತು ಭಾಳ ಬೈದೆ. ಫೋನ್ ಹಚ್ಚಿ ಕೊಡ್ಲೇನು?” ಎಂದರು.

ಬೇಡ ಎಂದೆ. ಫೋನಿನಲ್ಲಿ ಅವರ ಮುಖ ಕಾಣುವುದಿಲ್ಲ. ಅದು ನನಗೆ ಅನುಕೂಲ, ಅದಕ್ಕೇ ಬೇಡ.

ಗಾಜಿನ ಮೇಲಿನ ನನ್ನ ಹೆಸರನ್ನು ಬ್ಲೇಡಿನಿಂದ ಕೆರೆದು ತೆಗೆದೆ. ‘ಖಾ’ ಪೂರ್ತಿ ಹೋಗಲಿಲ್ಲ.

ಅಕ್ಟೋಬರ್ 26, ಶನಿವಾರ. ಕುಷ್ಟಗಿ, ಬೆಳಿಗ್ಗೆ 9.40

ಅಂಗಡಿ ಇನ್ನೂ ತೆಗೆದಿಲ್ಲ. ಎದುರಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಫೋಟೊ ಮೂರನ್ನೂ ಪ್ರಿಂಟ್ ಹಾಕಿಸಿ ತಂದಿದ್ದೇನೆ. ಮೂರರಲ್ಲೂ ಮಕ್ಬುಲಸಾಬರ ಬೆನ್ನು ಕಾಣುತ್ತದೆ. ತೋರಿಸುತ್ತಿರುವವರ ಬೆನ್ನು ಹಾಗೆ ಕಾಣುವುದಿಲ್ಲ. ನನ್ನ ಮಾತು ನಂಬದಿದ್ದರೂ ಬೆನ್ನನ್ನು ನಂಬುತ್ತಾರೆ.

ಮೊದಲ ವಾಕ್ಯ ಚಿಕ್ಕದು. “ಚಾಚಾ, ನೀವು ಮರ್ತಿಲ್ರಿ.” ಎರಡನೆಯದರಲ್ಲಿ ‘ಗೊತ್ತಿರಲಿಲ್ಲ’ ಎಂಬುದು ಬರಬಾರದು. ‘ಆದರೆ’ ಬರಬಾರದು.

ಬಂದರು. ಜುಬೇದಾಬೀಯೂ ಇದ್ದಾರೆ. ಕೀಲಿ ಇನ್ನೂ ಚಾಚಾರ ಕೈಯಲ್ಲೇ ಇದೆ. ನನ್ನನ್ನು ನೋಡಿ ಕೈ ಎತ್ತಿದರು. ಶಟರ್ ಬೀಗಕ್ಕೆ ಕೀಲಿ ಹಾಕಿ ಮತ್ತೆ ತೆಗೆದು ಸೊಸೆಯನ್ನು ಕೇಳುತ್ತಿದ್ದಾರೆ, ಇದೇ ಏನವಾ ಕೀಲಿ, ಎಂದು. ಏಳಬೇಕು. ಇಬ್ಬರ ಮುಂದೆಯೂ ಹೇಳುತ್ತೇನೆ.