ನಲವತ್ತೊಂದನೇ ಪುಟದ ಅಡಿಟಿಪ್ಪಣಿ

ಫೆಬ್ರವರಿ 4, 2025

ಇನ್ನೊಂದು ಕವನ ಸಂಕಲನ. ಈ ವರ್ಷ ಟೈಪ್ ಮಾಡುತ್ತಿರುವ ಮೂರನೇ ಪರಿಸರ ಕಾವ್ಯ. ಗುಬ್ಬಿ ಬಂತು. ಅಳುವ ಕೆರೆ ಬಂತು. ಇನ್ನೆರಡು ಪುಟದಲ್ಲಿ ಕೊಡಲಿ ಬರುತ್ತದೆ ಅಂದುಕೊಂಡೆ, ಬಂದೇಬಿಟ್ಟಿತು. ಇಷ್ಟೆಲ್ಲ ಗೋಳನ್ನು ಅಚ್ಚು ಹಾಕುವುದೂ ಮರದಿಂದ ಮಾಡಿದ ಕಾಗದದ ಮೇಲೇ.

ಕವಿ ಸಿದ್ದಾರೂಢ. ಧಾರವಾಡದ ಕಡೆಯವರು, ಎಪ್ಪತ್ತು ದಾಟಿದೆ. ಬಿಟಿಎಂನಲ್ಲಿ ಬಾಡಿಗೆ ಮನೆ, ಚಿಕ್ಕಲಸಂದ್ರದ ನಮ್ಮ ಪ್ರೆಸ್ಸಿಗೆ ಎರಡು ಬಸ್ ಬದಲಿಸಿ ಬರುತ್ತಾರೆ. "ಶಾಲಿನಿ ಅಲ್ಲೇನವಾ ನಿನ್ನ ಹೆಸರು? ಅವಸರ ಇಲ್ಲ, ಚಂದಂಗ ಮಾಡು" ಅಂದರು. ಒಳ್ಳೆಯವರು ಅನ್ನಿಸಿತು.

ಫೆಬ್ರವರಿ 5

ಪುಟ ನಲವತ್ತೊಂದು. ಕೈ ನಿಂತುಹೋಯಿತು.

ಯಂತ್ರದ ಹಲ್ಲಿಗೆ ಎದೆಯೊಡ್ಡಿ ಮಲಗಿದಳು
ಬೋರೆಯ ಕೊನೆಯ ತಾಯಿ,
ಹಿಡಿಯಲ್ಲಿ ತಂಗಡಿ ಹೂವು...

ಕೆಳಗೆ: "ಚಿಕ್ಕಲಸಂದ್ರದಲ್ಲಿ ಕಂಡದ್ದು, 1999".

ಆ ತಾಯಿ ನನ್ನ ಅಜ್ಜಿ. ಅಕ್ಕಯಮ್ಮ. ಲೇಔಟ್ ಮಾಡಲು ಬೋರೆಯನ್ನು, ಊರಂಚಿನ ಆ ಕುರುಚಲು ದಿಬ್ಬವನ್ನು, ನೆಲಸಮ ಮಾಡಿದ ದಿನ ಜೆಸಿಬಿ ಮುಂದೆ ಮಲಗಿದವಳು ಊರಿಗೆಲ್ಲ ಅವಳೊಬ್ಬಳೇ. ನನಗಾಗ ಒಂಬತ್ತು ವರ್ಷ, ಸ್ಕೂಲಿನಲ್ಲಿದ್ದೆ. ಅಪ್ಪ ಹೇಳಿದ್ದಷ್ಟೇ ಗೊತ್ತು — ಸರ್ವೇಯರ್ "ಎಬ್ಬಿಸಿ ಆ ಮುದುಕೀನ" ಅಂದನಂತೆ, ಅವನ ಜನ ಎತ್ತಿ ಪಕ್ಕಕ್ಕೆ ಹಾಕಿದರಂತೆ. ಅಜ್ಜಿ ಆಮೇಲೆ ಎರಡು ವರ್ಷ ಇದ್ದಳು. ಹೊಸ್ತಿಲು ದಾಟಲಿಲ್ಲ. ಕಾರೆಹಣ್ಣು ಎಲ್ಲಿ ಸಿಗುತ್ತದೆ, ಗೌಜಲಹಕ್ಕಿ ಎಲ್ಲಿ ಮೊಟ್ಟೆ ಇಡುತ್ತದೆ, ಕೆಮ್ಮಿಗೆ ಯಾವ ಸೊಪ್ಪು... ಎಲ್ಲ ಬೋರೆಯ ಜೊತೆ ಹೋಯಿತು.

ಕೊನೆಯ ಪುಟದ ಕವಿ ಪರಿಚಯ ತೆಗೆದು ನೋಡಿದೆ. "ಮೂವತ್ತೊಂದು ವರ್ಷ ಸರ್ವೇಯರ್ ಆಗಿ ಸೇವೆ. ಚಿಕ್ಕಲಸಂದ್ರ, ತಲಘಟ್ಟಪುರ ಭಾಗದ ಲೇಔಟ್‌ಗಳ ಅಳತೆ ಇವರದೇ."

ಅವನೇ.

ಕೊಂದ ಪಾಪ ತಿಂದರೆ ಪರಿಹಾರ ಅನ್ನುತ್ತಾರೆ. ಇವನಿಗೆ ಬರೆದರೆ ಪರಿಹಾರ. ಮೇಲೆ ಶಾಲು, ಹಾರ ಬೇರೆ.

ಫೆಬ್ರವರಿ 8

ಉಪಾಯ ಸಿಕ್ಕಿತು. ಇಷ್ಟು ವರ್ಷದಲ್ಲಿ ಪ್ರೂಫ್ ಪೂರ್ತಿ ಓದಿದ ಕವಿಯನ್ನು ನಾನು ನೋಡಿಲ್ಲ. ತಮ್ಮ ಫೋಟೊ ನೋಡುತ್ತಾರೆ, ಮುನ್ನುಡಿಯಲ್ಲಿ ಹೊಗಳಿದ ಸಾಲು ನೋಡುತ್ತಾರೆ, ಸಹಿ ಹಾಕಿ ಕಾಫಿ ಕೇಳುತ್ತಾರೆ. ಆ ಪದ್ಯದ ಕೆಳಗೆ ಸಣ್ಣ ಅಕ್ಷರದಲ್ಲಿ ಅಡಿಟಿಪ್ಪಣಿ ಹಾಕಿದ್ದೇನೆ:

"ಈ ತಾಯಿಯ ಹೆಸರು ಅಕ್ಕಯಮ್ಮ. ಎಬ್ಬಿಸಿ ಎಂದವರು ಈ ಕವಿ."

ಮುನ್ನೂರು ಪ್ರತಿ. ಮಾರ್ಚ್ ಎರಡಕ್ಕೆ ಜಯನಗರದಲ್ಲಿ ಬಿಡುಗಡೆ. ತುಂಬಿದ ಹಾಲ್‌ನಲ್ಲಿ ಯಾರಾದರೂ ಒಬ್ಬರು ಓದಿ ತಲೆಯೆತ್ತಿ ಇವನನ್ನು ನೋಡಬೇಕು. ಅಷ್ಟು ಸಾಕು ನನಗೆ. ಓನರ್ ಮುನಿಯಣ್ಣ ಕನ್ನಡಕ ಹಾಕಿದರೂ ಅಡಿಟಿಪ್ಪಣಿ ಕಾಣದು, ಆ ಚಿಂತೆ ಇಲ್ಲ. ಬಹಳ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಫೆಬ್ರವರಿ 20

ಪ್ರೂಫ್ ಒಯ್ದು ಹನ್ನೊಂದು ದಿನ. ಇವತ್ತು ಬಂದ.

ಓದಿದ್ದಾನೆ. ಪ್ರತಿ ಪುಟವನ್ನೂ. ಕೆಂಪು ಪೆನ್ನಿನಲ್ಲಿ ಅಲ್ಪವಿರಾಮ ಕೂಡ ತಿದ್ದಿದ್ದಾನೆ. ನಲವತ್ತೊಂದನ್ನು ತೆಗೆದು ನನ್ನ ಮುಂದಿಟ್ಟ.

"ಇದನ್ನ ನೀ ಹಾಕಿದೇನು?"

"ಹೌದು. ಅವ್ರು ನಮ್ಮಜ್ಜಿ."

ಕೂಗಾಡಲಿ ಎಂದು ಕಾದೆ. ಏನೇನು ಬೈಯಬೇಕೆಂದು ಮನಸ್ಸಿನಲ್ಲೇ ಜೋಡಿಸಿಟ್ಟಿದ್ದೆ. ಸ್ಟೂಲ್ ಎಳೆದುಕೊಂಡು ಕೂತ.

"ಎಬ್ಬಸ್ರಿ ಅಂದಾಂವ ನಾನ. ಖರೇ ಐತಿ, ಇರಲಿ, ತೆಗೀಬ್ಯಾಡ. ಆದ್ರ ಅರ್ಧಾನ ಬರದೀ ನೋಡವಾ. ನನ್ನ ಮಂದಿ ಆಕಿನ್ನ ಮುಟ್ಟಲಿಲ್ಲ, ಅಂಜಿದ್ರು. ಎತ್ತಿದಾಂವ ಆಕಿ ಮಗ. ಹೆಸರು ನಾ ಕೇಳಲಿಲ್ಲ. ಅದನ್ನೂ ಹಾಕು."

ಪುಟದ ಮೂಲೆಯಲ್ಲಿ "ಅಚ್ಚಿಗೆ" ಎಂದು ಬರೆದು ಸಹಿ ಹಾಕಿ ಎದ್ದುಹೋದ.

ಸುಳ್ಳ. ನಾನು ಯಾರ ಮಗಳೆಂದು ತಿಳಿದು ನನ್ನ ಬಾಯಿ ಮುಚ್ಚಿಸಲು ಹೂಡಿದ ಆಟ. ಅಜ್ಜಿಗೆ ಒಬ್ಬನೇ ಮಗ. ನನ್ನ ಅಪ್ಪ.

ಫೆಬ್ರವರಿ 24

ನಾಲ್ಕು ದಿನ ಕೇಳಲಾಗಲಿಲ್ಲ. ಇವತ್ತು ಅಪ್ಪ ಟೆರೇಸಿನಲ್ಲಿ ನೀರಿನ ಟ್ಯಾಂಕ್ ನೋಡುತ್ತಿದ್ದಾಗ ಕೇಳಿಬಿಟ್ಟೆ. ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.

"ನಾನೇ ಎತ್ತಿದ್ದು ಕಣಮ್ಮ. ಕಾರ್ನರ್ ಸೈಟು ಕೊಡ್ತೀವಿ ಅಂದಿದ್ರು. ಅವ್ಳು ಏಳ್ದಿದ್ರೆ ಲಿಸ್ಟಿಂದ ಹೆಸ್ರು ಹೊಡೆದಾಕೋರು."

"ಯಾವ ಸೈಟು?"

"ಇದೇ. ಈ ಮನೆ ಇರೋದೇ ಅವ್ಳು ಮಲ್ಗಿದ್ದ ಜಾಗದಲ್ಲಿ, ಇನ್ಯಾವ್ದು?"

ಬಾಡಿಗೆದಾರರ ಬಟ್ಟೆ ಹಗ್ಗದ ಮೇಲೆ ಹಾರಾಡುತ್ತಿತ್ತು. ಅಪ್ಪ ಟ್ಯಾಂಕಿನ ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ನನ್ನ ಮುಖ ನೋಡದೆ ಹೇಳಿದರು: "ಹಗುರ ಇದ್ಳು ಕಣಮ್ಮ. ಸೌದೆ ಹೊರೆಗಿಂತ ಹಗುರ. ಬಯ್ಲಿಲ್ಲ ಕೂಡ. ಹೂವ ಮಾತ್ರ ಬಿಡ್ಲಿಲ್ಲ."

ಇಪ್ಪತ್ತಾರು ವರ್ಷ ಇದೊಂದನ್ನು ನುಂಗಿಕೊಂಡು ನನ್ನೆದುರು ಊಟ ಮಾಡಿದ್ದಾರೆ. ಸಿದ್ದಾರೂಢ ಬರೆದಾದರೂ ಬರೆದ. ಇವರು ಅದನ್ನೂ ಮಾಡಲಿಲ್ಲ. ಇವರ ಮೇಲೆ ಬಂದ ಸಿಟ್ಟು ಅವನ ಮೇಲೂ ಬಂದಿರಲಿಲ್ಲ.

ಫೆಬ್ರವರಿ 25, ಬೆಳಗ್ಗೆ 11.40

ಮುನಿಯಣ್ಣ ಅಚ್ಚಿನ ಪ್ಲೇಟ್ ಮಾಡಿಸಲು ಫೈಲ್ ಕೇಳುತ್ತಿದ್ದಾರೆ. "ಏನಮ್ಮ ಶಾಲಿನಿ, ಒಂದು ಪೇಜಿಗೆ ಒಂದು ವಾರನಾ?"

ಟೈಪ್ ಮಾಡಿದೆ. "ಎತ್ತಿದವರು ಅವಳ ಮಗ ತಿಮ್ಮರಾಯಪ್ಪ." ಅಪ್ಪನಿಗೆ ಬೆಳಗ್ಗೆಯೇ ಹೇಳಿದ್ದೆ. "ಹಾಕು" ಅಂದರು, ತಿಂಡಿ ತಟ್ಟೆ ಹಾಗೇ ಬಿಟ್ಟು ಎದ್ದರು. ಅವನು ಒಂದು ಸಾಲು, ಇವರು ಒಂದು ಸಾಲು. ಮುಗಿಯಿತು, ಸೇವ್ ಮಾಡೋಣ ಅಂದುಕೊಂಡೆ.

ಆದರೆ ಪಟ್ಟಿ ಮುಗಿದಿಲ್ಲ. ಹೆಸರು ಹಾಕುವುದೇ ಆದರೆ ಎಲ್ಲರದೂ ಹಾಕಬೇಕು. ಇನ್ನೊಂದು ಸಾಲು ಬೇಕು. ಅವಳು ಮಲಗಿದ್ದ ಆ ಜಾಗದಲ್ಲಿ ಈಗ ಮನೆಮಾಡಿಕೊಂಡು, ದಿನಾ ಕಾಲು ಚಾಚಿ ಮಲಗುತ್ತಿರುವವಳು ಅವಳ ಮೊಮ್ಮಗಳು —