ಸುಮ್ಮನಿದ್ದವಳ ಒಪ್ಪಿಗೆ

ಮಾರ್ಚ್ ೧೪, ಶುಕ್ರವಾರ

ಮಗಳೇ,

ನಿನ್ನ ಕಾಗದ ಬಂದು ತುಂಬ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮೊದಲೆಲ್ಲ ನಿನಗೆ ‘ಸೌಭಾಗ್ಯವತಿ’ ಎಂದು ಶುರು ಮಾಡಿ ಬರೆಯುತ್ತಿದ್ದೆ. ಈ ಸಲ ಪೆನ್ನು ಅಲ್ಲೇ ನಿಂತುಬಿಟ್ಟಿತು. ಅದರ ಬದಲು ಏನು ಬರೆಯಲಿ ಎಂದು ಯೋಚಿಸುವುದರಲ್ಲೇ ದಿನ ಹೋದವು. ಇವತ್ತು ಮಗಳೇ ಎಂದು ಬರೆದೆ. ಇಷ್ಟು ಸುಲಭದ ಮಾತು ಮೊದಲೇ ಏಕೆ ಹೊಳೆಯಲಿಲ್ಲವೋ ಕಾಣೆ.

ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯಾ? ನಾವೆಲ್ಲ ಇದ್ದೇವೆ. ನಿನ್ನ ಮಾವನ ಮಂಡಿನೋವು ಹಾಗೇ ಇದೆ. ಲಾಂಡ್ರಿಯಲ್ಲಿ ದೊಡ್ಡ ಇಸ್ತ್ರಿ ಯಂತ್ರದ ಹಬೆ ಕೊಳವೆ ಸೋರಿ ಕೆಲಸ ನಿಂತಿತ್ತು, ಈಗ ಸರಿಹೋಗಿದೆ. ಹೋಟೆಲುಗಳಿಗೆ ಹಾಸಿಗೆ ಬಟ್ಟೆ ಮುಟ್ಟಿಸಲು ಹೊಸ ಡ್ರೈವರ್ ಬಂದಿದ್ದಾನೆ, ವ್ಯಾನೂ ಹೊಸದು. ಹಳೆಯದನ್ನು, ಮಗನನ್ನು ಕಳೆದುಕೊಂಡ ಆ ರಸ್ತೆಯಿಂದಲೇ, ಗುಜರಿಯವರು ಎತ್ತಿಕೊಂಡು ಹೋದರಲ್ಲ. ಈ ಡ್ರೈವರ್ ಒಳ್ಳೆಯವನು, ನಿಧಾನವಾಗಿ ಓಡಿಸುತ್ತಾನೆ. ಆದರೂ ಅವನು ವ್ಯಾನ್ ತೆಗೆಯುವ ಹೊತ್ತಿಗೆ ನಾನು ಒಳಗೆ ಹೋಗಿಬಿಡುತ್ತೇನೆ.

ಇನ್ನು ನಿನ್ನ ಕಾಗದದ ವಿಷಯ. ಫೋನಿನಲ್ಲಿ ಮಾತಾಡೋಣವೆಂದರೆ ಸುತ್ತ ಎಲ್ಲರೂ ನಿಂತಿರುತ್ತಾರೆ. ಅಲ್ಲದೆ, ನನಗೆ ಬಾಯಿಗಿಂತ ಕೈ ವಾಸಿ. ದಿನಾ ಸಂಜೆ ಡೈರಿಯಲ್ಲಿ ನಾಲ್ಕು ಸಾಲು ಗೀಚುವ ಅಭ್ಯಾಸ ಇದೆಯಲ್ಲ.

“ಕಾಲೇಜಿನಲ್ಲಿ ಎರಡನೇ ವರ್ಷಕ್ಕೆ ಮುಂದುವರಿಯುವುದಾದರೆ ಮಾರ್ಚ್ ತಿಂಗಳೊಳಗೆ ಬರೆದು ಕೊಡಬೇಕಂತೆ ಅತ್ತೆ. ಅದರ ಮಾತು ಬಿಡಿ, ಮನೆಯಲ್ಲಿ ಆಗಲೇ ತೀರ್ಮಾನವಾಗಿದೆಯಲ್ಲ” ಎಂದು ಬರೆದಿದ್ದೀಯ. ಆ ಮಾತು ನನ್ನನ್ನು ಬಿಡಲೇ ಇಲ್ಲ. ತೀರ್ಮಾನ ಮಾಡಿದವರು ಯಾರು?

ನನಗೆ ನೆನಪಿರುವುದು ಇಷ್ಟು. ನೀನು ಪರೀಕ್ಷೆಗೆಂದು ಮತ್ತೆ ಹೊರಡುವ ಹಿಂದಿನ ದಿನ ನಾವಿಬ್ಬರೂ ದೊಡ್ಡ ಹಾಸುಬಟ್ಟೆಯೊಂದನ್ನು ಎದುರುಬದುರು ಹಿಡಿದು ಮಡಿಸುತ್ತಿದ್ದೆವು. ನಿನ್ನ ದೊಡ್ಡಮಾವ ಚೀಟಿ ಅಂಟಿಸುತ್ತ ಕೂತಿದ್ದವರು, “ಈ ಪರೀಕ್ಷೆ ಒಂದು ಮುಗಿಸ್ಕೊಂಡು ಬಂದ್ಬಿಡಲಿ. ಆಮೇಲೆ ಕೌಂಟರು ಅವಳೇ ನೋಡ್ಕೊಳ್ಳಲಿ. ಏನಂತೀರಿ?” ಎಂದರು. ಯಾರೂ ಏನೂ ಅನ್ನಲಿಲ್ಲ. ನೀನು ನಿನ್ನ ಕಡೆಯ ಅಂಚು ತಂದು ನನ್ನ ಕೈಗೆ ಕೊಟ್ಟೆ, ಅಷ್ಟೆ. “ಸರಿ ಹಾಗಾದ್ರೆ” ಎಂದರು ಅವರು. ಅದನ್ನು ತೀರ್ಮಾನ ಎನ್ನುತ್ತಾರೆಯೇ?

ನಮ್ಮ ಲಾಂಡ್ರಿಯ ಪದ್ಧತಿಯೇ ಹಾಗಲ್ಲವೇ. ಬೇಡ ಎನ್ನದವರ ಬಟ್ಟೆಗೆಲ್ಲ ಗಂಜಿ ಹಾಕಿಬಿಡುವುದು. ಅದೇ ವಿಷಯಕ್ಕೆ ಮೊನ್ನೆ ಒಂದು ತಮಾಷೆಯಾಯಿತು. ದೊಡ್ಡಮಾವ ನಿನಗೆಂದು ಗಿರಗಿರ ತಿರುಗುವ ಹೊಸ ಕುರ್ಚಿ ತಂದು ಕೌಂಟರಿನ ಹಿಂದೆ ಹಾಕಿದ್ದಾರೆ. ಬಂದವರಿಗೆಲ್ಲ, “ನಮ್ಮ ಲಾಯರಮ್ಮ ಇನ್ಮೇಲೆ ಇಲ್ಲೇ ಕೂತ್ಕೋತಾಳೆ. ಅಂಗಿ ಸುಟ್ಟಿದೆ, ಗುಂಡಿ ಹೋಗಿದೆ ಅಂತ ಜಗಳಕ್ಕೆ ಬರೋರು ಹುಷಾರು!” ಎಂದು ಹೇಳುವುದೇ ಹೇಳುವುದು. ಅಷ್ಟರಲ್ಲಿ ಮೂಲೆಯ ಹಲ್ಲಿನ ಡಾಕ್ಟರು ತಮ್ಮ ಬಿಳಿ ಕೋಟು ಹಿಡಿದುಕೊಂಡು ಬಂದರು. ಅದು ರಟ್ಟಿನ ಹಾಗೆ ನಿಂತಿತ್ತು.

“ಆಕೆ ಬಂದ್ರೆ ಮೊದ್ಲು ನಿಮ್ಮ ಮೇಲೇ ಕೇಸ್ ಹಾಕ್ತಾಳೆ ಕಣ್ರೀ. ಇದಕ್ಕೆ ಗಂಜಿ ಹಾಕಿ ಅಂತ ಯಾರು ಹೇಳಿದ್ದು? ಕೈ ಎತ್ತೋಕಾಗ್ತಿಲ್ಲ, ರೋಗಿ ಬಾಯಿ ತನಕ ನಾನು ಹೋಗೋದು ಹೇಗೆ?”

“ಬೇಡ ಅಂತ ಹೇಳಿದ್ರಾ ನೀವು?”

“ಹಾಕಿ ಅಂತ ಹೇಳಿದ್ನಾ?”

ಇಬ್ಬರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ನೀನು ಓದಲು ಸೇರಿದ ಹೊಸತರಲ್ಲಿ ಹೇಳಿದ್ದ ಕುದುರೆಯ ಮೊಕದ್ದಮೆ ನೆನಪಾಯಿತು. ‘ಕಾಮನ್ ಲಾ ಮತ್ತು ತುಲನಾತ್ಮಕ ವಾಣಿಜ್ಯ ಕಾನೂನು’ ಎಂದು ನಿನ್ನ ಕೋರ್ಸಿನ ಹೆಸರನ್ನು ಒಂದೇ ಉಸಿರಿಗೆ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಆದರೆ ಆ ಕಥೆ ಮನಸ್ಸಿನಲ್ಲಿ ನಿಂತಿದೆ. ಚಿಕ್ಕಪ್ಪನೊಬ್ಬ ಅಣ್ಣನ ಮಗನ ಕುದುರೆ ಕೊಳ್ಳಲು ಕಾಗದ ಬರೆದನಂತೆ, ‘ನಿನ್ನಿಂದ ಉತ್ತರ ಬರದಿದ್ದರೆ ಕುದುರೆ ನನ್ನದೆಂದೇ ತಿಳಿಯುತ್ತೇನೆ’ ಎಂದು. ಹುಡುಗ ಉತ್ತರ ಬರೆಯಲಿಲ್ಲ. ಆಮೇಲೆ ಹುಡುಗನ ಸಾಮಾನೆಲ್ಲ ಹರಾಜಿಗೆ ಬಂದಾಗ ಹರಾಜಿನವನು ತಪ್ಪಿ ಆ ಕುದುರೆಯನ್ನೂ ಮಾರಿಬಿಟ್ಟ. ಚಿಕ್ಕಪ್ಪ ಕೋರ್ಟಿಗೆ ಹೋದರೆ, ಹುಡುಗ ನಿನಗೆ ಹೂಂ ಅಂದೇ ಇಲ್ಲವಲ್ಲ, ಕುದುರೆ ನಿನ್ನದು ಹೇಗಾಯಿತು ಎಂದು ಕೇಳಿದರಂತೆ. ಹುಡುಗನ ಮನಸ್ಸಿನಲ್ಲಿ ಕೊಡುವ ಇಷ್ಟವಿತ್ತು, ಆದರೂ ಅದು ಸಾಲದು ಎಂದು ನೀನು ಹೇಳಿದ್ದೆ. ಆವತ್ತು ನನ್ನ ಮಗ ಗೋಡೆಗೊರಗಿ ಕೂತು, “ಪಾಪ, ಕುದುರೇನ ಯಾರಾದ್ರೂ ಕೇಳಿದ್ರಾ?” ಎಂದು ನಿನ್ನನ್ನು ರೇಗಿಸಿದ್ದ.

ಡಾಕ್ಟರು ಹೋದ ಮೇಲೆ ನಾನು ಬಾಯಿಬಿಟ್ಟೆ. ನಿನ್ನ ದೊಡ್ಡಮಾವನ ಎದುರು ನಾನು ಮಾತಾಡುವುದೇ ಅಪರೂಪ, ನಿನಗೆ ಗೊತ್ತು. “ಭಾವ, ಅವಳು ಬರ್ತೀನಿ ಅಂತ ನಿಮಗೆ ಹೇಳಿದ್ದಾಳಾ?” ಎಂದೆ. ಕುದುರೆಯ ಕಥೆಯನ್ನೂ ನನಗೆ ಬಂದ ಹಾಗೆ ಹೇಳಿದೆ.

“ಅಯ್ಯೋ, ಸಂಸಾರ ಏನು ಕುದುರೆ ವ್ಯಾಪಾರವೇನಮ್ಮ?” ಎಂದು ನಕ್ಕರು. ಆಮೇಲೆ ಬೆರಳು ಎತ್ತಿ, “ಇನ್ನೊಂದು ದೇಶದಲ್ಲಿ ಕಾನೂನು ಬೇರೆ ಇದೆ ಅಂತಾನೂ ಅವಳೇ ಹೇಳಿದ್ಲು. ವ್ಯಾಪಾರಸ್ಥರು ಎದುರಿನವರು ಕಳಿಸಿದ ಕಾಗದ ನೋಡಿ ಸುಮ್ಮನಿದ್ರೆ ಒಪ್ಪಿದ ಹಾಗೇನೇ ಅಂತೆ. ನಾನು ಆ ಕಾನೂನಿನೋನು” ಎಂದರು.

“ಅದು ಇಬ್ಬರೂ ಮೊದಲೇ ಕೂತು ಮಾತಾಡಿ ಮುಗಿಸಿದ್ರೆ ಭಾವ. ಅವಳ ಹತ್ರ ನಾವು ಯಾರು ಕೂತು ಮಾತಾಡಿದ್ವಿ?”

ಅವರ ಮುಖ ಇಳಿದುಹೋಯಿತು. “ನಾನೇನು ಅವಳಿಗೆ ಕೆಟ್ಟದ್ದು ಬಯಸ್ತೀನಾ? ಅಲ್ಲಿ ಒಂಟಿಯಾಗಿ ಆ ಹಾಸ್ಟೆಲ್ ರೂಮಿನಲ್ಲಿ ಗೋಡೆ ನೋಡ್ತಾ ಕೂತಿರ್ತಾಳೆ ಅಂತ ತಾನೇ...” ಎಂದು ಮೂಗು ಒರೆಸಿಕೊಂಡರು. ಅವರನ್ನು ನೋಡಿ ನನಗೂ ಅಳು ಬಂತು. ಅವರು ಒರಟರು, ಆದರೆ ಕಲ್ಲಲ್ಲ.

ಆಗ ನಿನ್ನ ಮಾವ ಒಳಗಿನಿಂದ ಬಂದರು. ಮಗ ಹೋದಾಗಿನಿಂದ ಅವರು ಲಾಂಡ್ರಿಯಲ್ಲಿ ಕೆಲಸದ ಮಾತು ಬಿಟ್ಟು ಬೇರೆ ಮಾತೇ ಆಡಿರಲಿಲ್ಲ. ನೆಟ್ಟಗೆ ಹೋಗಿ ನಿನ್ನ ಕುರ್ಚಿಯಲ್ಲಿ ಕೂತರು. ಅದು ಎತ್ತರ, ಅವರ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. “ಅವಳು ಬಾಯಿಬಿಟ್ಟು ಹೇಳೋವರೆಗೂ ಇಲ್ಲಿ ನಾನು ಕೂತ್ಕೋತೀನಿ. ಮಂಡಿಗೂ ಒಳ್ಳೇದು” ಎಂದರು. ದೊಡ್ಡಮಾವ, “ಕೂತ್ಕೋ ಮಹಾರಾಯ, ನಿನ್ನ ಕಾಲಿಗೊಂದು ಮಣೆ ತರ್ತೀನಿ” ಎಂದು ಗೊಣಗಿಕೊಂಡು ಹೋದರು. ನಿಜವಾಗಿಯೂ ಮಣೆ ತಂದರು.

ಈಗ ಕೌಂಟರಿನಲ್ಲಿ ನಿನ್ನ ಮಾವ ಇದ್ದಾರೆ. ಕೆಲಸ ನಡೆಯುತ್ತಿದೆ. ನೀನು ಬರದಿದ್ದರೆ ಇಲ್ಲಿ ಯಾವುದೂ ಮುಳುಗುವುದಿಲ್ಲ. ಇದನ್ನು ನಿನಗೆ ತಿಳಿಸಬೇಕೆಂದೇ ಇಷ್ಟು ಉದ್ದ ಬರೆದೆ.

ನೀನು ಇಲ್ಲಿರಬೇಕೆಂಬ ಆಸೆ ನನಗಿದೆ. ಇಲ್ಲವೆಂದರೆ ಸುಳ್ಳಾಗುತ್ತದೆ. ಹಾಸುಬಟ್ಟೆ ಮಡಿಸುವಾಗ ಈಗ ಒಂದು ತುದಿಯನ್ನು ಬಾಗಿಲ ಹಿಡಿಗೆ ಸಿಕ್ಕಿಸುತ್ತೇನೆ. ಆದರೆ ನನ್ನ ಆಸೆ ನಿನ್ನ ಉತ್ತರವಾಗಬಾರದು. ಬರುವ ಮನಸ್ಸಿದ್ದರೆ ಬಾ. ಓದು ಮುಗಿಸುವ ಮನಸ್ಸಿದ್ದರೆ ಅಲ್ಲೇ ಇರು, ರಜೆಗೆ ಬರುವುದಂತೂ ಇದ್ದೇ ಇದೆ. ಯಾವುದಾದರೂ ಸರಿ, ನಿನ್ನ ಕೈಯಾರೆ ಕಾಲೇಜಿಗೂ ಮನೆಗೂ ಬರೆದು ತಿಳಿಸು. ನಿನ್ನ ಪರವಾಗಿ ನಾನು ಹೂಂ ಅನ್ನುವುದೂ ಇಲ್ಲ, ಊಹೂಂ ಅನ್ನುವುದೂ ಇಲ್ಲ. ದೊಡ್ಡಮಾವ ಸಿಟ್ಟಾಗುತ್ತಾರೆಂದು ಹೆದರಬೇಡ. ನಿನ್ನೆ ಡಾಕ್ಟರ ಕೋಟನ್ನು ಗಂಜಿಯಿಲ್ಲದೆ ತಾವೇ ಇಸ್ತ್ರಿ ಮಾಡಿ ಕೊಟ್ಟು ಬಂದರು.

ಅಲ್ಲಿಯ ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ಪುಸ್ತಕದ ಮೇಲೆಯೇ ನಿದ್ದೆಹೋಗಬೇಡ. ಎಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಮಾತಿಗೆ ಬೆಲೆ ಇರಲಿ.

ಇಂತು,
ನಿನ್ನ ಅತ್ತೆ

ಮರೆತಿದ್ದೆ: ಇಲ್ಲಿ ಯಾರೂ ಅವನ ಹೆಸರು ಎತ್ತುವುದಿಲ್ಲ. ನಾನು ನೊಂದುಕೊಂಡೇನೆಂದು ಅವರಿಗೆ ಹೆದರಿಕೆ, ಅವರು ನೊಂದುಕೊಂಡಾರೆಂದು ನನಗೆ. ಒಂದು ಮಾತು ನಿನ್ನನ್ನು ಕೇಳಬೇಕೆಂದು ಎಷ್ಟು ದಿನದಿಂದಲೋ ಇದ್ದೇನೆ. ಎದುರಿಗಿದ್ದಾಗ ನಾಚಿಕೆಯಾಯಿತು. ಚಿಕ್ಕವನಿದ್ದಾಗ ಅವನು ನಿದ್ದೆಯಲ್ಲಿ ಮಾತಾಡುತ್ತಿದ್ದ. ಬೆಳೆದ ಮೇಲೆ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಿದ್ದ, ನನಗೆ ಗೊತ್ತಾಗಲಿಲ್ಲ. ನಿಮ್ಮ ಮದುವೆಯಾದ ಮೇಲೂ ಮಾತಾಡುತ್ತಿದ್ದನೇ? ಏನು ಹೇಳುತ್ತಿದ್ದ? ಇದನ್ನು ಕೇಳಲು ನನಗೆ ನೀನು ಬಿಟ್ಟರೆ ಈ ಲೋಕದಲ್ಲಿ ಇನ್ಯಾರೂ ಇಲ್ಲ.