ಅಕ್ಕಿಕಾಳಿನ ಕುರಿಮರಿ

ಅನಿಲಾವೊ,
ಸೋಮವಾರ, ಮಾರ್ಚ್ 8, 2004

ಪ್ರೀತಿಯ ಮಗಳು ರೋವೆನಾಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂದು ತಿಂಗಳಾಯಿತು. ತಡವಾಯಿತೆಂದು ಬೈಯಬೇಡ. ಕಣ್ಣಿನ ಪೊರೆ ಬಲಿತಿದೆ, ಬರೆದ ಸಾಲಿನ ಮೇಲೆಯೇ ಮುಂದಿನ ಸಾಲೂ ಬೀಳುತ್ತದೆ. ಬತಾಂಗಾಸಿನ ಮದುವಣಗಿತ್ತಿಯರೆಲ್ಲ ಉಗುರಿಗೆ ಹೂ ಬಿಡಿಸಿಕೊಳ್ಳಲು ನಿನ್ನ ಅಂಗಡಿಗೇ ಬರುತ್ತಾರೆಂದು ನಿನ್ನ ಗಂಡ ರೆನಾಂಟೆ ಹೇಳಿದ. ಸಂತೋಷವಾಯಿತು. ನೀನು ಕಳಿಸಿದ ಒಣಮೀನು ಮುಗಿಯಿತು.

ಹೊಶಿನೊ ಅಮ್ಮ ಬಂದಿದ್ದಾರೆ. ಹನ್ನೊಂದು ವರ್ಷದಿಂದ ತಪ್ಪದೆ ಜಪಾನಿನಿಂದ ಬಂದು, ಗೈಡಾಗಿ ನಾನು ಜೊತೆಗಿದ್ದರೆ ಮಾತ್ರ ನೀರಿಗಿಳಿಯುತ್ತೇನೆ ಎನ್ನುವವರು. ಅವರಿಗೆ ಬೇಕಾದದ್ದು ನಮ್ಮ ಕಡಲ ಕುರಿಮರಿಯ ಫೋಟೊ. ನಿನಗೆ ನೆನಪಿರಬೇಕು. ಅಕ್ಕಿಕಾಳಿನಷ್ಟೇ ಇರುವ, ಚಿಪ್ಪಿಲ್ಲದ ಬಸವನಹುಳು. ಬೆನ್ನ ತುಂಬ ಹಸಿರು ಎಲೆಗಳು, ತುದಿಗೆ ಗುಲಾಬಿ, ಕುರಿಯ ಕಿವಿಯಂಥ ಎರಡು ಕೊಂಬು, ಬಿಳಿ ಮುಖದಲ್ಲಿ ಎರಡು ಕಪ್ಪು ಕಣ್ಣು. ಆರು ವರ್ಷದವಳಿದ್ದಾಗ ನೀನು ನಾನು ಹೇಳಿದಂತೆಲ್ಲ ಪೆನ್ಸಿಲ್ಲಿನಲ್ಲಿ ಬಿಡಿಸಿದ್ದೆ.

"ಅಪ್ಪಾ, ಇದು ಏನ್ ತಿನ್ನುತ್ತೆ?"

"ಒಂದೇ ಜಾತಿ ಪಾಚಿ ಎಲೆ ರಸ ಹೀರುತ್ತೆ. ಆ ಹಸಿರನ್ನ ಅರಗಿಸ್ದೆ ಬೆನ್ನಲ್ಲಿ ಜೀವಂತ ಇಟ್ಕೊಂಡು, ಬಿಸಿಲಿಗೆ ಒಡ್ಡಿ, ಅದರಿಂದ್ಲೇ ಬದುಕುತ್ತೆ."

"ಹಂಗಾದ್ರೆ ಕಳ್ಳ ಕುರಿ!" ಅಂದಿದ್ದೆ ನೀನು.

ಆ ಎಲೆಗಳು ಬೆಳೆಯುವ ಜಾಗವನ್ನು ಇಲ್ಲಿನ ಯಾವ ಗೈಡೂ ಹೆತ್ತ ಮಗನಿಗೂ ತೋರಿಸುವುದಿಲ್ಲ. ನಿನ್ನ ಮದುವೆಯಾದ ವರ್ಷ ನಾನು ರೆನಾಂಟೆಗೆ ತೋರಿಸಿದೆ.

ಬುಧವಾರ ದೋಣಿಯಲ್ಲಿ ಅವನೇ ಹೇಳಿದ, "ಮಾವಾ, ಅಂಚಿನ ದೊಡ್ಡ ಎಲೆ ಮೇಲೆ ಒಂದು ಕೂತಿದೆ. ನೀವೇ ತೋರ್ಸಿ." ಅಳಿಯ ಮರ್ಯಾದೆ ಕೊಡುತ್ತಿದ್ದಾನೆಂದು ಹಿಗ್ಗಿದೆ. ಕೆಳಗಿಳಿದು ಕಡ್ಡಿಯಿಂದ ತೋರಿಸಿದೆ. ಹೊಶಿನೊ ಅಮ್ಮ ನಲವತ್ತು ಫೋಟೊ ತೆಗೆದರು. ಮೇಲೆ ಬಂದು ಕ್ಯಾಮೆರಾದ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದರೆ, ಬಣ್ಣ ಬಳಿದು ಎಲೆಗೆ ಅಂಟಿಸಿದ ಅಕ್ಕಿಕಾಳು.

"ಕುರಿ ಬೇಯೋಕೆ ಎಷ್ಟೊತ್ತು ಬೇಕು, ಮಾಮ?" ಎಂದ ದೋಣಿಯವನು.

"ಇನ್ನೊಂದು ಹಿಡಿ ತಂದಿದ್ರೆ ಎಲ್ರಿಗೂ ಊಟ ಆಗ್ತಿತ್ತು!" ಎಂದ ನಿನ್ನ ಗಂಡ.

ಹೊಶಿನೊ ಅಮ್ಮ ನಗಲಿಲ್ಲ. ನನಗೆ ತಲೆಬಾಗಿ ವಂದಿಸಿದರು, ಮರುದಿನದಿಂದ ರೆನಾಂಟೆಯೇ ಬೇಕೆಂದರು. ನಮ್ಮ ಡೈವಿಂಗ್ ಅಂಗಡಿಯ ಯಜಮಾನಿ ಪಾಸಿಂಗ್ ನನ್ನನ್ನು ಕರೆದು, "ಬೇಜಾರ್ ಮಾಡ್ಕೋಬೇಡಿ ಮಾಮ. ನಾಳೆಯಿಂದ ಈಜುಬಟ್ಟೆ ತೊಳೀರಿ. ಅದಕ್ಕೆ ಕಣ್ಣು ಬೇಡ," ಎಂದಳು. ತೊಳೆಯುತ್ತಿದ್ದೇನೆ.

ನಿನ್ನೆ ಭಾನುವಾರ ಎಲ್ಲರೂ ಚರ್ಚಿನ ಪೂಜೆಗೆ ಹೋಗಿದ್ದಾಗ ಒಬ್ಬನೇ ನೀರಿಗಿಳಿದೆ. ಆ ಜಾಗದ ಎಲೆಗಳನ್ನು ಒಂದೂ ಬಿಡದೆ ಕಿತ್ತು ಚೀಲಕ್ಕೆ ತುಂಬಿದೆ. ಕಣ್ಣು ಬೇಕಾಗಲಿಲ್ಲ, ಆ ಎಲೆಯ ಮಖಮಲ್ಲು ನನ್ನ ಬೆರಳಿಗೆ ಗೊತ್ತು. ತಗಡಿನ ಮಾಡಿನ ಮೇಲೆ ಹರವಿದೆ. ಮಧ್ಯಾಹ್ನದೊಳಗೆ ಎಲೆಯೂ ಕುರಿಗಳೂ ಮುರುಟಿ ಕಪ್ಪಾದವು. ಮೂವತ್ತು ವರ್ಷ ಕಾದದ್ದನ್ನು ಹೀಗೆ ಕೊಂದೆನಲ್ಲ ಎಂದು ಸಂಕಟವಾಯಿತು, ಆದರೂ ಮಾಡಿನಿಂದ ಇಳಿಸಲಿಲ್ಲ.

ಇವತ್ತು ರೆನಾಂಟೆ ಹೊಶಿನೊ ಅಮ್ಮನನ್ನು ಅಲ್ಲಿಗೆ ಕರೆದೊಯ್ದು, ಮುಖ ಬಾಡಿಸಿಕೊಂಡು ಬಂದ.

"ಮಾವಾ, ಎಲೆ ಎಲ್ಲಾ ಎಲ್ಲಿ ಹೋಯ್ತು?"

"ನನಗೇನು ಕಾಣುತ್ತಪ್ಪಾ," ಎಂದೆ.

ಈ ಪತ್ರವನ್ನು ಅವನ ಕೈಯಲ್ಲಿ ಕಳಿಸುತ್ತಿಲ್ಲ, ಜೀಪಿನವನಿಗೆ ಕೊಡುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ದೇವಮಾತೆ ನಿನ್ನ ಕೈಗಳನ್ನು ಕಾಪಾಡಲಿ.

ನಿನ್ನ ಅಪ್ಪ,
ತೆರಿಯೊ

ಮರೆತಿದ್ದೆ. ಜೊತೆಗಿರುವ ಬೆಂಕಿಪೆಟ್ಟಿಗೆಯಲ್ಲಿ ಎಲೆಯಿಂದ ಬಿಡಿಸಿಕೊಂಡ ಆ ಅಕ್ಕಿಕಾಳಿದೆ. ಭೂತಗನ್ನಡಿ ಹಿಡಿದು ಒಂದು ಸಂಜೆಯೆಲ್ಲ ನೋಡಿದೆ. ಅದೇ ಹಸಿರು ಬಣ್ಣ ಉಗುರಿಗೆ ಹಚ್ಚಿಕೊಂಡು ನೀನು ಕ್ರಿಸ್‌ಮಸ್‌ಗೆ ಮನೆಗೆ ಬಂದಿದ್ದೆ. ಅಷ್ಟು ಸಣ್ಣ ಎಲೆ ಬಿಡಿಸುವ ಕೈ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಆದರೆ ಮಗಳೇ, ಕಣ್ಣುಗಳನ್ನು ದೂರ ದೂರ ಇಟ್ಟಿದ್ದೀಯ. ಕುರಿಮರಿಯ ಕಣ್ಣುಗಳು ತೀರ ಹತ್ತಿರ ಇರುತ್ತವೆ. ಆರು ವರ್ಷದವಳಿದ್ದಾಗ ನೀನು ಸರಿಯಾಗಿ ಬಿಡಿಸಿದ್ದೆ.